ಒಡೆಯನ ಕೈಗೆ ಮಾತ್ರ ಒಗ್ಗುವ ದನ

ತಮಿಳುನಾಡಿನ ಈರೋಡು ಜಿಲ್ಲೆಯ ಅಂದಿಯೂರಿನಿಂದ ಮಲೆ ಮಹದೇಶ್ವರ ಬೆಟ್ಟದ ಕಡೆಗೆ ಘಟ್ಟ ಹತ್ತುವ ದಾರಿಯಲ್ಲಿ ಬರಗೂರು ಸಿಗುತ್ತದೆ. ಶಿರಾ ತಾಲ್ಲೂಕಿನ ಬರಗೂರು ಬೇರೆ, ಇದು ಬೇರೆ. ಈ ಬೆಟ್ಟದ ಲಿಂಗಾಯತರ ಮನೆಮಾತು ಕನ್ನಡ, ಅವರ ದೇವರು ಮಾದಪ್ಪ. ಅವರು ತಲೆಮಾರುಗಳಿಂದ ಸಾಕಿಕೊಂಡು ಬಂದ ದನವೂ ಬರಗೂರು ತಳಿ ಎಂದೇ ಹೆಸರಾಗಿದೆ. ಆ ದನದ ಬಗ್ಗೆ ದಲ್ಲಾಳಿಯಿಂದ ಹಿಡಿದು ಪಶುವೈದ್ಯರವರೆಗೆ ಎಲ್ಲರೂ ಮೊದಲು ಹೇಳುವ ಮಾತು ಒಂದೇ: ಸಾಕಿದವರನ್ನು ಬಿಟ್ಟು ಇನ್ನೊಬ್ಬರನ್ನು ಹತ್ತಿರ ಸೇರಿಸುವುದಿಲ್ಲ.

ಒಡೆಯನನ್ನು ಬಿಟ್ಟಿರಲಾರದ ಹಸುವಿನ ಕಥೆ ಇಲ್ಲದ ಊರಿಲ್ಲ. ಒಡತಿ ತವರಿಗೆ ಹೋದರೆ ಮೇವು ಮುಟ್ಟದ ಹಸು, ಯಜಮಾನ ತೀರಿಕೊಂಡ ದಿನ ಗೂಟ ಕಿತ್ತುಕೊಂಡು ಬಂದ ಎತ್ತು. ಇಂಥ ಕಥೆಗಳಲ್ಲಿ ಪ್ರೀತಿಯ ಭಾಗವನ್ನಷ್ಟೇ ಹೇಳಿ ಅದರ ಬೆನ್ನಿಗಿರುವ ಭಯವನ್ನು ಬಿಟ್ಟುಬಿಡುತ್ತೇವೆ. ಒಬ್ಬರನ್ನು ಅಷ್ಟು ಹಚ್ಚಿಕೊಂಡ ದನ ಉಳಿದವರಿಗೆ ಅಷ್ಟೇ ಬೆದರುತ್ತದೆ. ಇವೆರಡೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದನ್ನು ಬರಗೂರಿನ ದನದಷ್ಟು ಚೆನ್ನಾಗಿ ತೋರಿಸುವ ತಳಿಗಳು ಕಡಿಮೆ.

ಬೆಟ್ಟದ ದನ, ಬೆಟ್ಟದ ಸ್ವಭಾವ

ಬರಗೂರು ದನ ಮಧ್ಯಮ ಗಾತ್ರದ್ದು, ಮೈ ಕಟ್ಟುಮಸ್ತು. ಕೆಂದು ಮೈಯ ಮೇಲೆ ಬಿಳಿ ಮಚ್ಚೆ ಹರಡಿರುವುದು ಇದರ ಗುರುತು. ಅಪ್ಪಟ ಬಿಳಿ, ಅಪ್ಪಟ ಕಂದು ದನಗಳೂ ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಕೊಂಬು ಹಿಂದಕ್ಕೆ ಸರಿದು, ಅಗಲಿಸಿ, ಮೇಲಕ್ಕೆದ್ದು ಚೂಪಾಗುತ್ತದೆ. ಹಾಲು ಕಡಿಮೆ, ಒಂದು ಸೂಲಿಗೆ ಸರಾಸರಿ 350 ಕಿಲೋ. ಡೈರಿಯ ಸೀಮೆಹಸು ಎರಡು ಮೂರು ವಾರದಲ್ಲಿ ಕೊಡುವಷ್ಟೇ ಅದು. ಹಾಲಿಗಾಗಿ ಇದನ್ನು ಯಾರೂ ಸಾಕುವುದಿಲ್ಲ. ಏರುಪೇರಿನ ನೆಲದಲ್ಲಿ ನಿಲ್ಲದೆ ಓಡುವ ಎತ್ತಿಗಾಗಿ ಮತ್ತು ಗೊಬ್ಬರಕ್ಕಾಗಿ ಸಾಕುತ್ತಾರೆ. ಎತ್ತುಗಳು ಮಾರಾಟಕ್ಕೆ ಬರುವ ದೊಡ್ಡ ಜಾಗವೆಂದರೆ ಆಷಾಢದ ಹೊತ್ತಿಗೆ ಅಂದಿಯೂರಿನಲ್ಲಿ ನೆರೆಯುವ ಗುರುನಾಥಸ್ವಾಮಿ ಜಾತ್ರೆ.

ಇವುಗಳ ಸ್ವಭಾವ ರೂಪುಗೊಳ್ಳುವುದು ಸಾಕುವ ಕ್ರಮದಿಂದ. ಹಿಂಡನ್ನು ಕಾಡಿನೊಳಗೆ ಮುಳ್ಳುಬೇಲಿ ಕಟ್ಟಿದ ದೊಡ್ಡಿಯಲ್ಲಿ ಕೂಡುತ್ತಾರೆ. ಅದನ್ನು ಪಟ್ಟಿ ಎನ್ನುವುದೂ ಉಂಟು. ಹಗಲು ಕಾಡಿನಲ್ಲಿ ಮೇವು, ಇರುಳು ದೊಡ್ಡಿ. ಕರು ಹುಟ್ಟಿದಂದಿನಿಂದ ಅದರ ಕಣ್ಣಿಗೆ ಬೀಳುವ ಮನುಷ್ಯರು ಇಬ್ಬರೋ ಮೂವರೋ. ಅದೇ ಕೂಗು, ಅದೇ ಕೋಲು, ಅದೇ ಕಂಬಳಿಯ ವಾಸನೆ. ಸಂಜೆ ಚಿರತೆ ಓಡಾಡುವ ಹೊತ್ತಿಗೆ ಹಿಂಡನ್ನು ಒಳಗೆ ಸೇರಿಸುವ ದನಿಯೂ ಅದೇ. ಆ ಇಬ್ಬರು ಮೂವರನ್ನು ಬಿಟ್ಟು ಎದುರಿಗೆ ಬರುವ ಎರಡು ಕಾಲಿನ ಪ್ರಾಣಿ ದನದ ಪಾಲಿಗೆ ಕಾಡಿನ ಇನ್ನೊಂದು ಅಪಾಯ, ಅಷ್ಟೆ. ನಮ್ಮ ಕಾವಲುಗಳಲ್ಲಿ ಹಿಂಡುಹಿಂಡಾಗಿ ಬೆಳೆದ ಅಮೃತಮಹಲ್ ದನಕ್ಕೂ ಇದೇ ಹೆಸರಿತ್ತು: ಕಂಡವರಿಗೆ ಹಾಯುತ್ತದೆ, ಪಳಗಿಸಿದವನ ಮಾತಿಗೆ ನೊಗಕ್ಕೆ ತಲೆ ಕೊಡುತ್ತದೆ.

ನಂಟು ಬೆಳೆಯುವ ಬಗೆ

ದನ ಹಿಂಡಿನ ಪ್ರಾಣಿ. ಹಿಂಡಿನೊಳಗೂ ಒಂದಕ್ಕೆ ಇನ್ನೊಂದು ಜೊತೆಗಾರ್ತಿ ಇರುತ್ತಾಳೆ. ಒಟ್ಟಿಗೆ ಮೇಯುತ್ತವೆ, ಪಕ್ಕಪಕ್ಕ ಮಲಗುತ್ತವೆ, ಪರಸ್ಪರ ತಲೆ ಕುತ್ತಿಗೆ ನೆಕ್ಕುತ್ತವೆ. ಇಂಗ್ಲೆಂಡಿನ ನಾರ್ಥಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನವೊಂದರಲ್ಲಿ ಹಸುವನ್ನು ಒಮ್ಮೆ ತನ್ನ ಜೊತೆಗಾರ್ತಿಯೊಂದಿಗೆ, ಇನ್ನೊಮ್ಮೆ ಗುರುತಿಲ್ಲದ ಹಸುವಿನೊಂದಿಗೆ ಕೂಡಿಹಾಕಿ ನೋಡಿದರು. ಜೊತೆಗಾರ್ತಿ ಇದ್ದಾಗ ಎದೆಬಡಿತ ಇಳಿದಿತ್ತು.

ಮನುಷ್ಯನ ಮೇಲಿನ ನಂಟು ಈ ಹಿಂಡಿನ ನಂಟಿನ ಮೇಲೆಯೇ ಕಸಿಯಾಗುತ್ತದೆ. ಈದ ತಾಯಿಗೆ ತನ್ನ ಕರುವಿನ ಗುರುತು ಹತ್ತಲು ಐದು ನಿಮಿಷದ ಒಡನಾಟ ಸಾಕೆಂದು 1970ರ ದಶಕದ ಪ್ರಯೋಗಗಳೇ ತೋರಿಸಿದ್ದವು. ಕರುವಿಗೂ ಹುಟ್ಟಿದ ಮೊದಲ ದಿನಗಳು ತೆರೆದ ಬಾಗಿಲು. ಆಗ ಕೈಯಲ್ಲಿ ಹಾಲು ಕುಡಿಸಿ, ಮೈ ಸವರಿ ಬೆಳೆಸಿದ ಕರು ದೊಡ್ಡದಾದ ಮೇಲೂ ಜನರಿಗೆ ಬೆದರುವುದು ಕಡಿಮೆ. ತಾಯಿ ಸತ್ತ ಕರು ಮನೆಯವರ ಹಿಂದೆ ಹಿಂದೆ ಅಡುಗೆಮನೆ ಬಾಗಿಲಿನವರೆಗೂ ಬರುವುದು ಇದೇ ಕಾರಣಕ್ಕೆ. ತಾಯಿಯ ಜಾಗ ಖಾಲಿ ಇತ್ತು, ಅಲ್ಲಿ ಮನೆಯಾಕೆ ಬಂದು ನಿಂತಳು.

ಸವರುವುದರಲ್ಲೂ ಜಾಗ ನೋಡಬೇಕು. 2008ರಲ್ಲಿ ಆಸ್ಟ್ರಿಯಾದ ಸಂಶೋಧಕರು ಹಸುವಿನ ಮೈಯ ಬೇರೆ ಬೇರೆ ಭಾಗ ಸವರಿ ಪರೀಕ್ಷಿಸಿದರು. ಕುತ್ತಿಗೆಯ ಕೆಳಭಾಗ ಸವರಿದಾಗ ಹಸುಗಳು ಕತ್ತು ಚಾಚಿ, ಕಿವಿ ಇಳಿಬಿಟ್ಟವು. ಆಮೇಲೆ ಆ ಮನುಷ್ಯರ ಬಳಿಗೆ ತಾವಾಗಿ ಬರುವುದೂ ಹೆಚ್ಚಾಯಿತು. ಹಸುಗಳು ಒಂದನ್ನೊಂದು ಹೆಚ್ಚಾಗಿ ನೆಕ್ಕುವ ಜಾಗವೂ ಅದೇ. ಗಂಗೆದೊಗಲು ತುರಿಸಿದರೆ ದನ ಸೋಲುತ್ತದೆ ಎಂಬುದು ನಮ್ಮ ದನಗಾಹಿಗಳಿಗೆ ಪ್ರಯೋಗಾಲಯದ ನೆರವಿಲ್ಲದೆ ಗೊತ್ತಿತ್ತು. 2020ರಲ್ಲಿ ಅದೇ ದೇಶದಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಕಡಸುಗಳನ್ನು ಸವರುತ್ತ ನೇರವಾಗಿ ಮಾತಾಡಿಸುವುದನ್ನೂ ಧ್ವನಿಮುದ್ರಿಕೆ ಕೇಳಿಸುವುದನ್ನೂ ಹೋಲಿಸಿದರು. ಎದುರು ನಿಂತು ಆಡಿದ ಮಾತಿಗೇ ಕಡಸುಗಳು ಹೆಚ್ಚು ನಿರಾಳವಾದವು.

ಗುರುತು ಹಿಡಿಯುವುದು ಹೇಗೆ

ದನಕ್ಕೆ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಬಾಲದ ಹಿಂದಿನ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ, ಆದರೆ ಆಳ ಅಗಲದ ಅಂದಾಜು ಅಷ್ಟಕ್ಕಷ್ಟೆ. ಕೆಂಪು ಹಸಿರುಗಳ ವ್ಯತ್ಯಾಸವೂ ನಮ್ಮಷ್ಟು ತಿಳಿಯದು. ಇಷ್ಟಿದ್ದೂ ಅದು ಮನುಷ್ಯರನ್ನು ಬೇರ್ಪಡಿಸಬಲ್ಲದು. ತನ್ನನ್ನು ಹೊಡೆದವನನ್ನೂ ಮೇವು ಕೊಟ್ಟವನನ್ನೂ ಹಸುಗಳು ಬೇರೆಬೇರೆಯಾಗಿ ನೆನಪಿಡುತ್ತವೆ ಎಂದು 1990ರ ದಶಕದ ಪ್ರಯೋಗಗಳು ಹೇಳಿದವು. ಬಟ್ಟೆಯ ಬಣ್ಣ ದೊಡ್ಡ ಗುರುತು. ಇಬ್ಬರೂ ಒಂದೇ ಬಣ್ಣದ ಬಟ್ಟೆ ಹಾಕಿದರೆ ಎತ್ತರ ಮತ್ತು ಮುಖ ಎರಡನ್ನೂ ಬಳಸಿಕೊಳ್ಳುತ್ತವೆ. ಇವಕ್ಕೆ ವಾಸನೆ ಮತ್ತು ದನಿ ಸೇರಿದರೆ ಗುರುತು ಪಕ್ಕಾ.

ಈ ಗುರುತನ್ನು ಮರೆಸಲು ಹಳ್ಳಿಯಲ್ಲಿ ಒಂದು ಉಪಾಯವಿದೆ. ದಿನವೂ ಹಾಲು ಕರೆಯುವಾಕೆ ಊರಿಗೆ ಹೋದಾಗ ಅವಳ ಗಂಡ ಆಕೆಯ ಹಳೇ ಸೀರೆಯನ್ನು ಮೈಗೆ ಸುತ್ತಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದು, ಬಾಯಿ ಬಿಡದೆ ತಂಬಿಗೆ ಹಿಡಿದು ಕೂರುತ್ತಾನೆ. ಬಟ್ಟೆಯ ಬಣ್ಣವೂ ವಾಸನೆಯೂ ಅವಳದು, ಕುಕ್ಕರಗಾಲಲ್ಲಿ ಕೂತಾಗ ಎತ್ತರವೂ ಮರೆಯಾಗುತ್ತದೆ. ಮೊದಲ ನಾಲ್ಕು ಸೆಳೆತ ದಾಟಿತೆಂದರೆ ತಂಬಿಗೆ ತುಂಬಬಹುದು. ಅಭ್ಯಾಸಬಲದಲ್ಲಿ ಕೆಮ್ಮಿದನೋ, ಕೈಯೊಳಗಿನ ಒರಟು ತಿಳಿಯಿತೋ, ಕಾಲು ಎತ್ತುತ್ತದೆ. ಮಾತಾಡಬಾರದೆಂಬ ಕಟ್ಟಳೆ ಅದಕ್ಕೇ.

ಸೊರೆ ಬಿಡುವ ಲೆಕ್ಕ

ಕರುವಿನ ಬಾಯೋ ಗುರುತಿನ ಕೈಯೋ ಮೊಲೆಗೆ ತಾಗಿದಾಗ ಹಸುವಿನ ಮಿದುಳು ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ಕೆಚ್ಚಲ ಒಳಗಿನ ಹಾಲಿನ ಗೂಡುಗಳನ್ನು ಹಿಂಡಿದಾಗ ಹಾಲು ಇಳಿಯುತ್ತದೆ. ನಾವು ಸೊರೆ ಬಿಡುವುದು ಎನ್ನುವುದು ಇದನ್ನೇ. ಈ ಹಾರ್ಮೋನು ರಕ್ತದಲ್ಲಿ ನಿಲ್ಲುವುದು ಕೆಲವೇ ನಿಮಿಷ. ಹಸು ಬೆದರಿದರೆ ಅಡ್ರಿನಲಿನ್ ಏರಿ ಇಡೀ ಕೆಲಸಕ್ಕೆ ತಡೆ ಬೀಳುತ್ತದೆ. ಹೊಸಬರು ಕರೆಯಲು ಕೂತಾಗ ಹಸು ಹಾಲು ‘ಕದ್ದಿತು’ ಎನ್ನುತ್ತೇವಲ್ಲ, ಅದು ಬೇಕೆಂದು ಮಾಡಿದ ಕಳ್ಳತನವಲ್ಲ. ಇಳಿಯದ ಹಾಲು ಕೆಚ್ಚಲಲ್ಲೇ ಉಳಿದಿರುತ್ತದೆ. 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲು ಒರಟಾಗಿ ನಡೆಸಿಕೊಂಡಿದ್ದ ವ್ಯಕ್ತಿ ಕರೆಯುವ ಹೊತ್ತಿಗೆ ಬರೀ ಎದುರಿಗೆ ನಿಂತಿದ್ದಕ್ಕೇ ಹೀಗೆ ಉಳಿಯುವ ಹಾಲು ಶೇಕಡ 70ರಷ್ಟು ಹೆಚ್ಚಿತ್ತು.

ಸೀಮೆಹಸು ಯಂತ್ರಕ್ಕೂ ಸೊರೆ ಬಿಡುತ್ತದೆ. ನಾಟಿ ಹಸುವಿಗೆ ಕರು ಕಣ್ಮುಂದೆ ಇರಬೇಕು, ಕೈಯೂ ಗೊತ್ತಿನದಾಗಿರಬೇಕು. ಕರು ಸತ್ತರೆ ಅದರ ತೊಗಲಿಗೆ ಹುಲ್ಲು ತುಂಬಿ ಎದುರಿಗಿಡುವ ಹಳೇ ಪದ್ಧತಿ ಬಂದದ್ದು ಹೀಗೆ. ಅದರ ಈಗಿನ ರೂಪ ಇಂಜೆಕ್ಷನ್. ಆಕ್ಸಿಟೋಸಿನ್ ಚುಚ್ಚಿ ಯಾವ ಕೈಗಾದರೂ ಹಾಲು ಇಳಿಸುವ ದುರ್ಬಳಕೆ ಎಷ್ಟು ಹಬ್ಬಿತೆಂದರೆ, ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ಕಂಪನಿಗಳು ಅದನ್ನು ತಯಾರಿಸದಂತೆ ತಡೆದು, ದೇಶದೊಳಗಿನ ಬಳಕೆಗೆ ಬೆಂಗಳೂರಿನ ಸರ್ಕಾರಿ ಸಂಸ್ಥೆ ಕರ್ನಾಟಕ ಆ್ಯಂಟಿಬಯಾಟಿಕ್ಸ್‌ಗೆ ಮಾತ್ರ ಅವಕಾಶ ಕೊಡಲು ಹೊರಟಿತು. ಬಾಣಂತಿಯರ ರಕ್ತಸ್ರಾವ ತಡೆಯಲು ಬೇಕಾದ ಔಷಧವೂ ಅದೇ ಆದ್ದರಿಂದ ವಿಷಯ ಕೋರ್ಟಿಗೆ ಹೋಯಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಒಡನಾಟಕ್ಕೂ ಹಾಲಿಗೂ ಇರುವ ನಂಟಿನ ಬಗ್ಗೆ ಬ್ರಿಟನ್ನಿನ 516 ಹೈನುಗಾರರನ್ನು ಕೇಳಿ ಮಾಡಿದ ಸಮೀಕ್ಷೆಯೊಂದು 2009ರಲ್ಲಿ ಸುದ್ದಿಯಾಯಿತು. ಹಸುಗಳನ್ನು ಹೆಸರಿಟ್ಟು ಕರೆಯುವ ಕಡೆ ಹಸುವೊಂದರ ಹಾಲು ವರ್ಷಕ್ಕೆ 258 ಲೀಟರ್ ಹೆಚ್ಚಿತ್ತು. ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಕೂಡ ಅದಕ್ಕೆ ಬಂತು. ಹೆಸರಿನಿಂದಲೇ ಹಾಲು ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಹೆಸರಿಡುವ ಮನೆಯವರು ಹಸುವನ್ನು ಬೇರೆ ರೀತಿಯಲ್ಲೂ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎನ್ನುವುದೇ ಹೆಚ್ಚು ಸರಿ. ಗೌರಿ, ತುಂಗೆ, ಕೆಂಪಿ, ಕಪಿಲೆ ಎನ್ನುವ ನಮಗಂತೂ ಹೆಸರಿಲ್ಲದ ಹಸುವನ್ನು ಊಹಿಸುವುದೇ ಕಷ್ಟ.

ಅಖಾಡದ ಹೋರಿ, ಹಟ್ಟಿಯ ಹೋರಿ

ಜಲ್ಲಿಕಟ್ಟಿನ ಹೋರಿಗಳಲ್ಲೂ ಹಾವೇರಿ, ಶಿವಮೊಗ್ಗ ಕಡೆಯ ಹೋರಿ ಹಬ್ಬದ ಹೋರಿಗಳಲ್ಲೂ ಇದೇ ಇಬ್ಬಗೆಯನ್ನು ಕಾಣಬಹುದು. ಕೊರಳ ಕೊಬ್ಬರಿ ಹಾರಕ್ಕೆ ಕೈ ಹಾಕಲು ಬಂದ ನೂರು ಜನರನ್ನು ಸೀಳಿಕೊಂಡು ಓಡುವ ಹೋರಿ, ಮನೆಗೆ ಬಂದ ಮೇಲೆ ಹುರುಳಿ ತಿನ್ನಿಸುವ ಅಜ್ಜಿಯ ಮುಂದೆ ತಲೆ ತಗ್ಗಿಸಿ ನಿಲ್ಲುತ್ತದೆ. ಸಾಕುವವರು ಇದನ್ನು ಬೇಕೆಂದೇ ಬೆಳೆಸುತ್ತಾರೆ, ಹೊರಗಿನವರನ್ನು ಮುಟ್ಟಗೊಡುವುದಿಲ್ಲ. ಎಲ್ಲರಿಗೂ ಒಗ್ಗಿದ ಹೋರಿ ಅಖಾಡದಲ್ಲಿ ಓಡುವುದಿಲ್ಲ.

ಕೈ ಬದಲಾದಾಗ

ಇಷ್ಟು ಗಟ್ಟಿ ನಂಟಿನ ದನವನ್ನು ಮಾರಿದರೆ ಮೊದಲ ವಾರವೇ ಕಠಿಣ. ಮೇವು ಬಿಡುವುದು, ದಿನವಿಡೀ ಅಂಬಾ ಎನ್ನುವುದು, ಹಗ್ಗ ಹರಿದು ಬಂದ ದಾರಿ ಹಿಡಿಯುವುದು ಇವೆಲ್ಲ ಸಾಮಾನ್ಯ. ಇದರಲ್ಲಿ ಒಡೆಯನ ನೆನಪೆಷ್ಟು, ಬಿಟ್ಟುಬಂದ ಹಿಂಡಿನ ನೆನಪೆಷ್ಟು ಎಂದು ಬಿಡಿಸಿ ಹೇಳಲಾಗದು. ಒಂಟಿಯಾಗುವುದು ದನಕ್ಕೆ ಬಲು ದೊಡ್ಡ ಭಯ. ಹಾಗಾಗಿ ಒಂದರ ಬದಲು ಜೋಡಿ ಕೊಂಡವರಿಗೆ ತಾಪತ್ರಯ ಕಡಿಮೆ.

ಕೆಲವು ಕಡೆ ಮಾರುವವರು ಹಳೇ ಹಗ್ಗ ಬಿಚ್ಚಿ ಇಟ್ಟುಕೊಳ್ಳುತ್ತಾರೆ, ಕೊಂಡವರು ಹೊಸ ಹಗ್ಗ ತರಬೇಕು. ಲಕ್ಷ್ಮಿ ಮನೆಬಿಟ್ಟು ಹೋಗಬಾರದೆಂಬ ಶಾಸ್ತ್ರ ಅದು. ದನದ ಕಡೆಯಿಂದ ನೋಡಿದರೆ ನಷ್ಟವೇ: ಹಳೇ ಮನೆಯ ವಾಸನೆ ಹಿಡಿದಿದ್ದ ಒಂದೇ ವಸ್ತು ಕೊರಳಿನಿಂದ ಹೋಯಿತು. ಬಲ್ಲವರು ಹಳೇ ಮನೆಯ ಹಿಂಡಿ ಬೂಸಾದ ಅಳತೆಯನ್ನೂ ಕರೆಯುವ ಹೊತ್ತನ್ನೂ ಕೇಳಿಕೊಂಡು ಬರುತ್ತಾರೆ. ಹೊಸ ಹಟ್ಟಿಯಲ್ಲಿ ಮೊದಲ ದಿನಗಳು ಒಬ್ಬರೇ ಮೇವು ಹಾಕಿ, ಒಬ್ಬರೇ ಕರೆದು, ಬೇರೆಯವರು ದೂರ ಇದ್ದರೆ ಹೊಸ ಕೈ ಬೇಗ ಒಗ್ಗುತ್ತದೆ.

ಕಾಡಿನ ಮೇವು ನಿಂತರೆ

ಬರಗೂರು ಹಿಂಡುಗಳಿಗೆ ಈಗಿನ ತೊಡಕು ಕಾಡಿನದೇ. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಆದೇಶವನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಮೀಸಲಿಗೆ ಸೀಮಿತಗೊಳಿಸಿತು. ಬರಗೂರಿನವರು ಉಸಿರುಬಿಡುವಷ್ಟರಲ್ಲಿ, 2024ರ ಜನವರಿಯಲ್ಲಿ ಅವರ ಬೆಟ್ಟಗಳನ್ನು ಒಳಗೊಂಡ ತಂದೈ ಪೆರಿಯಾರ್ ವನ್ಯಜೀವಿಧಾಮದ ಅಧಿಸೂಚನೆ ಬಂತು. ಹುಲಿಯ ದಾರಿ ಉಳಿಯಬೇಕೆಂಬ ವಾದದಲ್ಲಿ ಹುರುಳಿದೆ. ಈ ಕಾಡು ನಮ್ಮ ಮಲೆ ಮಹದೇಶ್ವರ ಮತ್ತು ಕಾವೇರಿ ವನ್ಯಧಾಮಗಳಿಗೆ ಹೊಂದಿಕೊಂಡಿದೆ. ಆದರೆ ದನವನ್ನು ಬಯಲಿಗೆ ಇಳಿಸಿ ಕೊಟ್ಟಿಗೆಯಲ್ಲಿ ಕಟ್ಟಿದರಾಯಿತು ಎನ್ನುವವರಿಗೆ ಆ ದನದ ಪರಿಚಯವಿಲ್ಲ. ಕೊಟ್ಟಿಗೆಗೆ ದಿನವೂ ಹೊಸಬರು ಬರುತ್ತಾರೆ.

ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯ ಈ ತಳಿಗಾಗಿಯೇ ಬರಗೂರಿನಲ್ಲಿ ಸಂಶೋಧನಾ ಕೇಂದ್ರ ತೆರೆದಿದೆ. ಹಿಂಡಿನ ದನಕ್ಕೆ ಲಸಿಕೆ ಹಾಕಬೇಕಾದರೂ, ಕಿವಿಗೆ ಓಲೆ ಚುಚ್ಚಬೇಕಾದರೂ ಒಡೆಯನೇ ದೊಡ್ಡಿಯೊಳಗೆ ಬಂದು ದನ ಹಿಡಿದು ಕೊಡಬೇಕು. ವೈದ್ಯರು ಬೇಲಿಯ ಈಚೆ ಸರದಿಗೆ ಕಾಯಬೇಕು.