ರಕ್ತದೊಳಗಿನ ವೀರಗಲ್ಲು

2019ರ ಮಳೆಗಾಲ. ಶಿಗ್ಗಾವಿಯಲ್ಲಿರುವ ನನ್ನ ತಂಗಿಯ ಮಗನಿಗೆ ಜ್ವರ ಬಂದಿತು. ಮೂರನೆಯ ದಿನ ರಕ್ತಪರೀಕ್ಷೆಯಾಯಿತು. “ಅಣ್ಣಾ, ರಕ್ತದಾಗ ಟೈಫಾಯ್ಡ್ ಐತಂತ, ವಿಡಾಲ್ ಪಾಸಿಟಿವ್ ಅಂತ ಬರದಾರ” ಎಂದು ತಂಗಿ ಫೋನಿನಲ್ಲಿ ಹೇಳಿದಳು. ರೋಗದ ಹೆಸರು ತಿಳಿದರೆ ಅರ್ಧ ಗುಣವಾದಂತೆ ಎಂದು ನಾನೂ ಸಮಾಧಾನಪಟ್ಟುಕೊಂಡೆ. ಐದನೆಯ ದಿನಕ್ಕೆ ಜ್ವರವೇನೋ ಇಳಿಯಿತು. ಹುಡುಗ ಮಾತ್ರ ಹೊಟ್ಟೆನೋವಿನಿಂದ ನರಳುತ್ತ ನಿತ್ರಾಣನಾಗಿ ಮಲಗಿಬಿಟ್ಟ. ಅವಸರದಿಂದ ಹುಬ್ಬಳ್ಳಿಗೆ ಒಯ್ದೆವು. ಅದು ಡೆಂಗ್ಯೂ ಎಂದು ತಿಳಿದದ್ದು ಅಲ್ಲಿ. ಹುಡುಗ ಉಳಿದದ್ದು ನಮ್ಮ ಪುಣ್ಯ. “ಹಾಗಾದರೆ ಮೊದಲಿನ ಚೀಟಿ ಸುಳ್ಳೇ?” ಎಂದು ವೈದ್ಯರನ್ನು ಕೇಳಿದೆ. “ಸುಳ್ಳಲ್ಲರೀ ಸರ್, ಅದು ಹಳೇ ಸುದ್ದಿ ಹೇಳಿರಬೇಕು. ನೀವು ಇವತ್ತಿಂದು ಅಂತ ತಿಳಕೊಂಡ್ರಿ” ಎಂದರು.

ಹಾನಗಲ್ಲಿನಲ್ಲಿದ್ದು ಹಳಗನ್ನಡ ಕಲಿಸುವ ನನಗೆ ಆ ಮಾತು ನಾಟಿತು. ಕದಂಬರು ಆಳಿದ, ಹೊಯ್ಸಳರು ಮುತ್ತಿದ ಈ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಒಂದು ವೀರಗಲ್ಲು ಏನು ಹೇಳುತ್ತದೆ? ಎಂದೋ ಒಮ್ಮೆ ಶತ್ರು ಬಂದಿದ್ದ, ಯಾರೋ ತುರು ಕಾಯಲು ಹೋರಾಡಿ ಮಡಿದರು ಎಂದು. ಈಗ ಯುದ್ಧ ನಡೆದಿದೆ ಎಂದು ಅದು ಹೇಳುವುದಿಲ್ಲ. ಮುಂದೆ ಶತ್ರು ಬರಲಾರನೆಂಬ ಭರವಸೆಯನ್ನೂ ಕೊಡುವುದಿಲ್ಲ.

ನಮ್ಮ ಮೈಯೊಳಗೂ ಇಂಥ ಕಲ್ಲುಗಳುಂಟು. ರೋಗಾಣು ಹೊಕ್ಕಾಗ ಅದನ್ನು ಹಿಡಿಯಲೆಂದೇ ದೇಹವು ಸಿದ್ಧಪಡಿಸುವ ಪ್ರೋಟೀನುಗಳಿಗೆ ಪ್ರತಿಕಾಯಗಳೆಂದು ಹೆಸರು. ಶತ್ರು ಹೋದ ಮೇಲೂ ಅವು ರಕ್ತದಲ್ಲಿ ಉಳಿಯುವುದುಂಟು. ಟೈಫಾಯ್ಡ್ ರೋಗಿಯ ರಕ್ತದ ತಿಳಿಯೊಳಗೆ ಆ ರೋಗದ ಅಣುಗಳನ್ನು ಬೆರೆಸಿದರೆ ಅವು ಗುಂಪುಗಟ್ಟುತ್ತವೆ ಎಂಬುದನ್ನು ಬಳಸಿ ಫ್ರಾನ್ಸಿನ ವೈದ್ಯ ಫರ್ನಾಂ ವಿಡಾಲ್ 1896ರಲ್ಲಿ ಪರೀಕ್ಷೆಯೊಂದನ್ನು ರೂಪಿಸಿದ. ಟೈಫಾಯ್ಡ್ ಅಪರೂಪವಾದ ನಾಡಿನಲ್ಲಿ ಆ ಪರೀಕ್ಷೆಯ ಮಾತಿಗೆ ತೂಕ ಹೆಚ್ಚು. ಅದು ಮನೆಮಾತಾಗಿರುವ ನಮ್ಮಲ್ಲಿಯೋ, ಹಿಂದಿನ ಸೋಂಕಿನ ಗುರುತು, ಲಸಿಕೆಯ ಗುರುತು, ಬೇರೆ ಜ್ವರದ ನೆರಳು ಎಲ್ಲವೂ ಅದೇ ಚೀಟಿಯಲ್ಲಿ ‘ಪಾಸಿಟಿವ್’ ಎಂದು ಮೂಡಬಹುದು.

ಈ ಬಗೆಯ ಶಾಸನಶೋಧದ ಒಂದು ದೊಡ್ಡ ಕಥೆ ನಮ್ಮ ನೆರೆಯಲ್ಲಿಯೇ ನಡೆದಿದೆ. ಹಾನಗಲ್ಲ ತಾಲೂಕಿನ ಗಡಿ ದಾಟಿದರೆ ಸೊರಬ. 1957ರ ಮಾರ್ಚಿನಲ್ಲಿ ಅಲ್ಲಿಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗರೂ ಜ್ವರದಿಂದ ಮಲಗಿದರು. ಭಾರತಕ್ಕೆ ಎಂದೂ ಬಾರದ ಹಳದಿ ಜ್ವರ ಬಂದಿತೇ ಎಂಬ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ಸನ್ನು ಹಿಡಿದು, ಯಾವ ಪ್ರತಿಕಾಯ ಅದಕ್ಕೆ ಹೊಂದುತ್ತದೆಂದು ನೋಡಿದಾಗ, ಅದು ರಷ್ಯದ ಕಾಡುಗಳಲ್ಲಿ ಮಿದುಳುಜ್ವರ ತರುವ ವೈರಸ್ಸಿನ ಬಳಗದ್ದೆಂದು ತಿಳಿಯಿತು. ಹರಡುತ್ತಿದ್ದದ್ದು ಉಣುಗು. ಜನ ಇಟ್ಟ ಹೆಸರು ಮಂಗನ ಕಾಯಿಲೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದಕ್ಕೂ ಐದು ವರ್ಷ ಮೊದಲು, 1952ರಲ್ಲಿ, ಹಲವು ಪ್ರಾಂತಗಳ ಜನರ ರಕ್ತವನ್ನು ಪರೀಕ್ಷಿಸಿದಾಗ ದೂರದ ಸೌರಾಷ್ಟ್ರದ ಕೆಲವರಲ್ಲಿ ಈ ರಷ್ಯದ ಬಳಗಕ್ಕೆ ಹೊಂದುವ ಪ್ರತಿಕಾಯಗಳು ಕಂಡಿದ್ದವು. ಆದರೆ ಕ್ಯಾಸನೂರಿನಂಥ ರೋಗ ಅಲ್ಲಿ ಕಂಡಿರಲಿಲ್ಲ. ಊರೇ ಇಲ್ಲದ ಬಯಲಿನಲ್ಲಿ ವೀರಗಲ್ಲೊಂದು ನಿಂತಂತೆ! ಅದೇ ವೈರಸ್ಸು ಸದ್ದಿಲ್ಲದೆ ಹಾದುಹೋಗಿತ್ತೋ, ಅದರ ದಾಯಾದಿಯೊಂದು ಬಿಟ್ಟ ಗುರುತೋ? ಹಳೆಯ ಕನ್ನಡ ಲಿಪಿಯನ್ನೂ ತೆಲುಗು ಲಿಪಿಯನ್ನೂ ಎದುರಿಗಿಟ್ಟರೆ ಹೊಸಬ ಮೋಸಹೋಗುತ್ತಾನಲ್ಲವೆ? ಒಂದೇ ಬಳಗದ ವೈರಸ್ಸುಗಳ ಪ್ರತಿಕಾಯಗಳೂ ಹಾಗೆಯೇ. ಡೆಂಗ್ಯೂವಿನ ಗುರುತನ್ನು ಅದರ ನೆಂಟ ವೈರಸ್ಸೂ ತೋರಿಸಬಲ್ಲದು.

ಇನ್ನು ಕಾಲದ ಪ್ರಶ್ನೆ. ಚೀಟಿಯಲ್ಲಿ ಐಜಿಎಂ, ಐಜಿಜಿ ಎಂಬ ಎರಡು ಹೆಸರುಗಳಿರುತ್ತವೆ. ಸಾಮಾನ್ಯವಾಗಿ ಐಜಿಎಂ ಈಚಿನ ಉಳಿಯ ಗೀರು, ಕೆಲವು ತಿಂಗಳುಗಳಲ್ಲಿ ಮಾಸುವಂಥದು. ಐಜಿಜಿ ವರ್ಷಗಳವರೆಗೆ ನಿಲ್ಲಬಲ್ಲ ಕೆತ್ತನೆ. ಕೆತ್ತಲು ಕೂಡ ದಿನ ಹಿಡಿಯುತ್ತದೆ. ಆದ್ದರಿಂದ ಜ್ವರದ ಮೊದಲ ದಿನಗಳಲ್ಲಿ ‘ನೆಗೆಟಿವ್’ ಬಂದರೆ ರೋಗವಿಲ್ಲವೆಂದಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡಿ, ಪ್ರಮಾಣ ನಾಲ್ಕು ಪಟ್ಟು ಏರಿದ್ದರೆ ಆಗ ಸಾಕ್ಷ್ಯ ಗಟ್ಟಿ.

2020ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲಿ ಕೋವಿಡ್ ಸಮೀಕ್ಷೆ ನಡೆದಾಗ, ನೂರಕ್ಕೆ ಸುಮಾರು 27 ಜನರಿಗೆ ಸೋಂಕು ಬಂದುಹೋಗಿದೆ ಇಲ್ಲವೆ ಆಗಷ್ಟೇ ತಗುಲಿದೆ ಎಂದು ಕಂಡಿತು. ಲೆಕ್ಕಕ್ಕೆ ಸಿಕ್ಕ ರೋಗಿಗಳು ಇದರ ಸಣ್ಣ ಪಾಲು. ನಾಡಿನ ಇತಿಹಾಸಕ್ಕೆ ಇಂಥ ಪರೀಕ್ಷೆ ದೊಡ್ಡ ಆಧಾರವೇ ಸರಿ. ಒಬ್ಬ ಮನುಷ್ಯನ ಭವಿಷ್ಯಕ್ಕೆ ಅಷ್ಟಾಗಿ ಅಲ್ಲ. ಸವಣೂರಿನ ನಮ್ಮ ಸೋದರಮಾವ ಆ ಚಳಿಗಾಲದಲ್ಲಿ ತಮ್ಮ ಐಜಿಜಿ ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು, “ನನಗ ಇನ್ನ ಏನೂ ಆಗೂದಿಲ್ಲ” ಎಂದು ಲಗ್ನಗಳಿಗೆಲ್ಲ ಹೋಗಿಬಂದರು; 2021ರ ಬೇಸಿಗೆಯಲ್ಲಿ ಮತ್ತೆ ಹಾಸಿಗೆ ಹಿಡಿದರು. ಎದ್ದರು, ಆದರೆ ಉಸಿರಿಗೆ ಮೊದಲಿನ ಬಲವಿಲ್ಲ. ಇದರ ಇನ್ನೊಂದು ಮುಖವೂ ಉಂಟು: ಪ್ರತಿಕಾಯಗಳು ಇಳಿದವೆಂದ ಮಾತ್ರಕ್ಕೆ ರಕ್ಷಣೆ ಹೋಯಿತೆಂದು ಕೊರಗಬೇಕಾಗಿಲ್ಲ. ಶತ್ರುವನ್ನು ನೆನಪಿಟ್ಟ ಕಣಗಳು ಮೈಯಲ್ಲಿ ಉಳಿದಿರಬಹುದು. ಶಾಸನ ಅಳಿದ ಮೇಲೂ ಲಾವಣಿ ಊರಿನಲ್ಲಿ ಉಳಿದಿರುವುದಿಲ್ಲವೆ?

ಹಿರೇಕೆರೂರಿನಲ್ಲಿರುವ ನನ್ನ ತಾಯಿಗೆ ಇದನ್ನೆಲ್ಲ ಹೇಳಿದೆ. ಆಕೆಯ ತೋಳಿನ ಮೇಲೆ ಚಿಕ್ಕಂದಿನಲ್ಲಿ ದೇವಿ ಹಾಕಿಸಿದ ಗುರುತು ಈಗಲೂ ಇದೆ. ಸಿಡುಬು ಲೋಕದಿಂದಲೇ ತೊಲಗಿತೆಂದು 1980ರಲ್ಲಿ ಸಾರಿದರು. ಗುರುತು ಮಾತ್ರ ನಿಂತಿದೆ. “ಹಂಗಾರ ಚೀಟಿ ನೋಡೂಕಿಂತ ಮದಲ ಹುಡುಗನ್ನ ನೋಡಬೇಕಿತ್ತು” ಎಂದಳು ತಾಯಿ. ತಂಗಿಯ ಮಗನ ಆ ಚೀಟಿ ನನ್ನ ಶಾಸನದ ಪುಸ್ತಕದಲ್ಲಿದೆ. ಪ್ರತಿವರ್ಷ ಮೊದಲ ಪಾಠದ ದಿನ ಅದನ್ನು ತರಗತಿಯಲ್ಲಿ ತೋರಿಸುತ್ತೇನೆ. ಮಕ್ಕಳು ನಗುತ್ತಾರೆ, ನನಗೆ ಮಾತ್ರ ಹುಬ್ಬಳ್ಳಿಯ ಆ ರಾತ್ರಿ ನೆನಪಾಗುತ್ತದೆ.