ಸ್ಪ್ಯಾನಿಷ್ ಅಮೆರಿಕೆಯ ಬಿಡುಗಡೆಯೂ ಗೋಮಾಂತಕದ ವಿಳಂಬವೂ

ಮೆಕ್ಸಿಕೋದಿಂದ ಚಿಲಿಯವರೆಗೆ ಹಬ್ಬಿದ್ದ ಸ್ಪೇನಿನ ಸಾಮ್ರಾಜ್ಯವು 1810ರಿಂದ 1825ರೊಳಗೆ ಕುಸಿದುಬಿದ್ದಿತು. ಕ್ಯೂಬಾದಂತಹ ಕೆಲವು ದ್ವೀಪಗಳು ಮಾತ್ರ ಅದರ ಕೈಯಲ್ಲುಳಿದುವು. ಆದರೆ ನೆರೆಯ ಪೋರ್ತುಗಲ್ಲಿಗೆ ಅಧೀನವಾಗಿದ್ದ ಗೋಮಾಂತಕದ ಬಿಡುಗಡೆಗೆ 1961ರ ವರೆಗೆ ಕಾಯಬೇಕಾಯಿತು. 1580ರಿಂದ 1640ರ ವರೆಗೆ ಈ ಎರಡು ರಾಜ್ಯಗಳನ್ನೂ ಒಬ್ಬನೇ ಅರಸನು ಆಳುತ್ತಿದ್ದನೆಂಬುದನ್ನು ನೆನೆದರೆ ಈ ಅಂತರವು ವಿಚಾರಾರ್ಹವೆನಿಸುತ್ತದೆ.

ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. ಆದಿಲಶಾಹಿಯ ವಶದಲ್ಲಿದ್ದ ಗೋವೆಯ ಮೇಲೆ ಏರಿಹೋಗುವಂತೆ 1510ರಲ್ಲಿ ಆಲ್ಬುಕೆರ್ಕನನ್ನು ಪ್ರೇರಿಸಿದವನು ಹೊನ್ನಾವರದ ತಿಮ್ಮೋಜ. ಹದಿನೆಂಟನೆಯ ಶತಮಾನದಲ್ಲಿ ಸೋದೆಯ ಅರಸನು ಹೈದರಲಿಗೆ ಸೋತು ಗೋವೆಯ ಆಶ್ರಯ ಪಡೆದಾಗ, ಕಾಣಕೋಣ ಮೊದಲಾದ ಅವನ ಸೀಮೆಗಳು ಪೋರ್ತುಗೀಜರ ಪಾಲಾದುವು.

ಅಮೆರಿಕೆಯಲ್ಲಿ ಹುಟ್ಟಿದ ಸ್ಪ್ಯಾನಿಷ್ ಸಂತತಿಯವರಿಗೆ ಭೂಮಿ, ಸಂಪತ್ತು, ವಿದ್ಯೆಗಳಿದ್ದರೂ ಉನ್ನತಾಧಿಕಾರಗಳು ಸ್ಪೇನಿನಿಂದ ಬಂದವರಿಗೇ ಮೀಸಲಾಗಿರುತ್ತಿದ್ದುವು. 1808ರಲ್ಲಿ ನೆಪೋಲಿಯನ್ನನು ಸ್ಪೇನಿನ ದೊರೆಯನ್ನು ಪದಚ್ಯುತಗೊಳಿಸಲು, ಈ ಅಸಮಾಧಾನಕ್ಕೆ ಅವಕಾಶ ದೊರೆಯಿತು. 1810ರಲ್ಲಿ ಕರಾಕಾಸ್, ಬ್ಯೂನಸ್ ಐರಿಸ್ ನಗರಗಳು ಸ್ವಂತ ಆಡಳಿತಮಂಡಲಿಗಳನ್ನು ರಚಿಸಿಕೊಂಡುವು. ಮೆಕ್ಸಿಕೋದಲ್ಲಿ ಪಾದ್ರಿ ಹಿಡಾಲ್ಗೋ ದಂಗೆಯೆದ್ದನು. ಬೊಲಿವಾರ್, ಸಾನ್ ಮಾರ್ಟಿನ್‌ರ ದೀರ್ಘ ಯುದ್ಧಗಳ ತರುವಾಯ, 1824ರ ಡಿಸೆಂಬರ್ 9ರಂದು ಆಯಾಕುಚೋದಲ್ಲಿ ಸುಕ್ರೆಯು ಗಳಿಸಿದ ಜಯವು ಅಲ್ಲಿಯ ಸ್ಪ್ಯಾನಿಷ್ ಪ್ರಭುತ್ವವನ್ನು ಮುರಿಯಿತು.

ಗೋವೆಯಲ್ಲಿಯೂ ಇಂತಹುದೇ ಅಸಮಾಧಾನವಿದ್ದಿತು. ಉನ್ನತ ಪದವಿಗಳು ದೊರೆಯದ ದೇಶೀಯ ಪಾದ್ರಿಗಳು 1787ರಲ್ಲಿ ಹೂಡಿದ ಪಿಂಟೋ ಸಂಚು ಬಯಲಾಗಿ, ಹದಿನೈದು ಮಂದಿ ಗಲ್ಲಿಗೇರಿದರು. 1807ರಲ್ಲಿ ಪೋರ್ತುಗಲ್ಲಿನ ರಾಜಮನೆತನವು ಬ್ರೆಜಿಲ್ಲಿಗೆ ಓಡಿತಾದರೂ ಅದರ ಅಧಿಕಾರವು ಅಳಿಯಲಿಲ್ಲ. ಗೋವೆಯಲ್ಲಿ ಆಗ ಬ್ರಿಟಿಷ್ ಸೈನ್ಯವು ಬೀಡುಬಿಟ್ಟಿದ್ದಿತು. ಅಮೆರಿಕೆಗೆ ದೊರೆತ ಅರಾಜಕತೆಯ ಎಡೆಯು ಇಲ್ಲಿ ದೊರೆಯಲಿಲ್ಲ. ನಾಲ್ಕೂ ಕಡೆಯಿಂದ ಬ್ರಿಟಿಷ್ ಶಕ್ತಿಯಿಂದ ಸುತ್ತುವರಿದ ಈ ಕಿರುನಾಡಿನ ಬಿಡುಗಡೆಯು ಭಾರತದ ಬಿಡುಗಡೆಗೆ ಗಂಟುಬಿದ್ದಿತು.

1946ರ ಜೂನ್ 18ರಂದು ಮಡಗಾಂವಿಯಲ್ಲಿ ರಾಮಮನೋಹರ ಲೋಹಿಯಾ ಅವರು ನಾಗರಿಕ ಹಕ್ಕುಗಳ ಹೋರಾಟವನ್ನು ಆರಂಭಿಸಿದರು. ಪಿಂಪ್ರಿಯಲ್ಲಿ ಹಿಂದೂಸ್ತಾನ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯು ಸ್ಥಾಪಿತವಾದ 1954ರಲ್ಲಿಯೇ, ಪುಣೆಯಲ್ಲಿ ಗೋವಾ ವಿಮೋಚನ ಸಹಾಯಕ ಸಮಿತಿಯು ಜನ್ಮತಾಳಿತು. 1955ರ ಮೇ 18ರಂದು ಸೇನಾಪತಿ ಬಾಪಟ್, ನಾ. ಗ. ಗೋರೆಯವರ ತಂಡವು ಗಡಿ ದಾಟಿತು. ಅದೇ ವರ್ಷ ನರಗುಂದದ ಜಗನ್ನಾಥರಾವ ಜೋಶಿಯವರು ಸತ್ಯಾಗ್ರಹಿಗಳ ತಂಡವನ್ನು ನಡೆಸಿ ಸೆರೆವಾಸ ಅನುಭವಿಸಿದರು. ಆಗಸ್ಟ್ 15ರ ಗುಂಡಿನ ದಾಳಿಗೆ ಇಪ್ಪತ್ತಕ್ಕೂ ಹೆಚ್ಚು ನಿರಾಯುಧ ಸತ್ಯಾಗ್ರಹಿಗಳು ಬಲಿಯಾದರು.

1961ರ ಡಿಸೆಂಬರ್ 18ರಂದು ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ಭಾರತದ ಏಳು ಮಂದಿ ನಾವಿಕರು ಮಡಿದರು. ಮರುದಿನವೇ ಪೋರ್ತುಗೀಜ ಗವರ್ನರನು ಶರಣಾದನು.

ಗೋವೆಯನ್ನು ಬಿಡಿಸಿದುದು ಹೊರಗಿನ ಸೈನ್ಯವೇ ಹೊರತು ಜನರಲ್ಲವೆಂಬ ಆಕ್ಷೇಪವುಂಟು. ಪೆರುವನ್ನು ಬಿಡಿಸಿದುದೂ ಚಿಲಿಯಿಂದ ಸಾನ್ ಮಾರ್ಟಿನ್ ತಂದ ಸೈನ್ಯ, ಕೊಲಂಬಿಯದಿಂದ ಬೊಲಿವಾರ್ ತಂದ ಸೈನ್ಯ. ಆದರೂ ಪೆರುವಿನ ಸ್ವಾತಂತ್ರ್ಯವನ್ನು ಯಾರೂ ಪರರ ದಿಗ್ವಿಜಯವೆಂದು ಕರೆಯುವುದಿಲ್ಲ. ಸೈನ್ಯವು ಕೊನೆಯ ಬಾಗಿಲನ್ನು ತೆರೆಯಿತು, ನಿಜ. ಆ ಬಾಗಿಲನ್ನು ಅದಕ್ಕೆ ಮೊದಲೇ ಬರಿಗೈಯಿಂದ ತಟ್ಟಿದವರ ಸಾಲಿನಲ್ಲಿ ಗೋಮಾಂತಕರೂ ಮರಾಠಿಗರೂ ಕನ್ನಡಿಗರೂ ಒಟ್ಟಾಗಿ ನಿಂತಿದ್ದರು. ತಿಮ್ಮೋಜನು ಹೊರಗಿನವನನ್ನು ಕರೆತಂದ ಕರಾವಳಿಗೆ ಅದು ಸಂದ ಪ್ರಾಯಶ್ಚಿತ್ತವೆಂದರೂ ಸಲ್ಲುತ್ತದೆ.