ರೀಮನ್ ಮೇಲ್ಮೈ

ಪ್ರತಿ ಬಿಂದುವಿನ ಸುತ್ತ ಸಮ್ಮಿಶ್ರ ಸಂಖ್ಯೆಗಳ ಕಲನಶಾಸ್ತ್ರವನ್ನು ನಡೆಸಲು ಸಾಧ್ಯವಾಗುವ ಮೇಲ್ಮೈ. ಒಂದು ಸಮ್ಮಿಶ್ರ ಸಂಖ್ಯೆಯನ್ನು ಗುರುತಿಸಲು ಎರಡು ನೈಜ ಸಂಖ್ಯೆಗಳು ಬೇಕು. ಆದ್ದರಿಂದ ಕಣ್ಣಿಗೆ ಎರಡು ಆಯಾಮದ್ದಾಗಿ ಕಾಣುವ ಈ ಮೇಲ್ಮೈಗೆ ಸಮ್ಮಿಶ್ರ ಲೆಕ್ಕದಲ್ಲಿ ಒಂದೇ ಆಯಾಮ. ಜರ್ಮನ್ ಗಣಿತಜ್ಞ ಬರ್ನ್‌ಹಾರ್ಡ್ ರೀಮನ್ (1826–1866) 1851ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಈ ಕಲ್ಪನೆಯನ್ನು ಮುಂದಿಟ್ಟರು. ಮೇಲ್ಮೈಯ ಆಕಾರವೇ ಅದರ ಮೇಲೆ ಯಾವ ಫಲನಗಳು ಇರಬಹುದೆಂಬುದನ್ನು ನಿಯಂತ್ರಿಸುತ್ತದೆ ಎಂಬುದು ಈ ಸಿದ್ಧಾಂತದ ತಿರುಳು.

ಹುಟ್ಟು ಮತ್ತು ವ್ಯಾಖ್ಯೆ

ವರ್ಗಮೂಲದಲ್ಲೇ ಇದರ ಅಗತ್ಯ ಕಾಣುತ್ತದೆ. ಸೊನ್ನೆಯನ್ನು ಬಿಟ್ಟರೆ ಪ್ರತಿ ಸಮ್ಮಿಶ್ರ ಸಂಖ್ಯೆಗೂ ಎರಡು ವರ್ಗಮೂಲಗಳಿವೆ. 1ರಿಂದ ಹೊರಟು ಸೊನ್ನೆಯ ಸುತ್ತ 360 ಡಿಗ್ರಿ ತಿರುಗಿ ಬಂದರೆ ವರ್ಗಮೂಲ 180 ಡಿಗ್ರಿಯಷ್ಟೇ ತಿರುಗಿ, 1 ಇದ್ದದ್ದು −1 ಆಗಿರುತ್ತದೆ. ಇನ್ನೊಂದು ಸುತ್ತು ಹಾಕಿದಾಗ ಮಾತ್ರ ಮೊದಲಿನ ಬೆಲೆ ಮರಳುತ್ತದೆ. ರೀಮನ್ ಅವರು ಸಮತಲದ ಎರಡು ಪದರಗಳನ್ನು ಸೀಳಿ, ಒಂದರ ಅಂಚನ್ನು ಇನ್ನೊಂದರ ಅಂಚಿಗೆ ಜೋಡಿಸಿದರು. ಹೀಗೆ ಸಿಕ್ಕ ಮೇಲ್ಮೈಯ ಮೇಲೆ ವರ್ಗಮೂಲಕ್ಕೆ ಪ್ರತಿ ಬಿಂದುವಿನಲ್ಲೂ ಒಂದೇ ಬೆಲೆ.

ಇಂದಿನ ಬಿಗಿಯಾದ ವ್ಯಾಖ್ಯೆಗೆ ಹೆರ್ಮಾನ್ ವೈಲ್ ಅವರ 1913ರ ಗ್ರಂಥ ತಳಹದಿ. ಮೇಲ್ಮೈಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಸಮ್ಮಿಶ್ರ ಸಮತಲದ ಮೇಲೆ ನಕಾಶೆ ಮಾಡಬೇಕು. ಎರಡು ನಕಾಶೆಗಳು ಒಂದರ ಮೇಲೊಂದು ಬರುವಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವ ಸೂತ್ರ ಹೋಲೋಮಾರ್ಫಿಕ್, ಅಂದರೆ ಸಮ್ಮಿಶ್ರ ಸಂಖ್ಯೆಗಳ ಅರ್ಥದಲ್ಲಿ ಅವಕಲನೀಯ, ಆಗಿರಬೇಕು. ಇಂಥ ಸೂತ್ರಗಳು ಕೋನವನ್ನೂ ತಿರುಗುವ ದಿಕ್ಕನ್ನೂ ಕಾಯ್ದುಕೊಳ್ಳುತ್ತವೆ, ಉದ್ದವನ್ನಲ್ಲ. ಹಾಗಾಗಿ, ಒಂದು ಸುತ್ತು ಬಂದರೆ ತಿರುಗುವ ದಿಕ್ಕು ಉಲ್ಟಾ ಆಗುವ ಮೋಬಿಯಸ್ ಪಟ್ಟಿ ರೀಮನ್ ಮೇಲ್ಮೈಯಾಗಲಾರದು.

ಜೀನಸ್

ಸಾಂದ್ರ, ಅಂದರೆ ಎಲ್ಲ ಕಡೆಯೂ ಮುಚ್ಚಿಕೊಂಡ, ರೀಮನ್ ಮೇಲ್ಮೈಗಳನ್ನು ಮೊದಲಿಗೆ ಅವುಗಳ ರಂಧ್ರಗಳ ಎಣಿಕೆಯಿಂದ ವಿಂಗಡಿಸುತ್ತಾರೆ. ಈ ಎಣಿಕೆಗೆ ಜೀನಸ್ ಎಂದು ಹೆಸರು. ಗೋಳದ ಜೀನಸ್ 0; ಉದ್ದಿನ ವಡೆಯ ಆಕಾರದ ಟೋರಸ್‌ನದು 1. ಗೋಳದ ಮೇಲೆ ಇರುವುದು ಒಂದೇ ಬಗೆಯ ಸಮ್ಮಿಶ್ರ ರಚನೆ, ಅಂದರೆ ಮೇಲೆ ಹೇಳಿದಂಥ ನಕಾಶೆಗಳ ವ್ಯವಸ್ಥೆ. ಟೋರಸ್‌ಗಳನ್ನು ಬೇರ್ಪಡಿಸಲು ಒಂದು ಸಮ್ಮಿಶ್ರ ಸಂಖ್ಯೆ ಬೇಕು. ಜೀನಸ್ 2 ಅಥವಾ ಹೆಚ್ಚಿದ್ದರೆ, ಅದರ ಮೂರು ಪಟ್ಟಿನಿಂದ 3 ಕಳೆದಷ್ಟು ಸಂಖ್ಯೆಗಳು ಬೇಕೆಂದು ರೀಮನ್ 1857ರಲ್ಲಿ ತೋರಿಸಿದರು: ಜೀನಸ್ 2ಕ್ಕೆ 3, ಜೀನಸ್ 3ಕ್ಕೆ 6.

ಸಾಂದ್ರ ಮೇಲ್ಮೈಯಿಡೀ ಹೋಲೋಮಾರ್ಫಿಕ್ ಆಗಿರುವ ಫಲನ ಸ್ಥಿರಾಂಕವೇ ಆಗಿರುತ್ತದೆ. ಬೇರೆ ಫಲನ ಬೇಕೆಂದರೆ ಅದು ಕೆಲವು ಬಿಂದುಗಳಲ್ಲಿ ಅನಂತಕ್ಕೆ ಏರಲು ಬಿಡಬೇಕು; ಆ ಬಿಂದುಗಳು ಧ್ರುವಗಳು. ಗೋಳದ ಮೇಲೆ ಒಂದೇ ಸರಳ ಧ್ರುವವಿರುವ ಫಲನವಿದೆ. ಟೋರಸ್ ಮೇಲೆ ಅದು ಅಸಾಧ್ಯ. ಅಲ್ಲಿ ಧ್ರುವಗಳ ಲೆಕ್ಕ ಕನಿಷ್ಠ 2. ಧ್ರುವಗಳನ್ನು ನಿಗದಿ ಮಾಡಿದಾಗ ಎಷ್ಟು ಸ್ವತಂತ್ರ ಫಲನಗಳು ಸಿಗುತ್ತವೆ ಎಂಬುದನ್ನು ಜೀನಸ್‌ಗೆ ಜೋಡಿಸುವುದು ರೀಮನ್–ರಾಖ್ ಪ್ರಮೇಯ. ಇದನ್ನು 1865ರಲ್ಲಿ ಪೂರ್ಣಗೊಳಿಸಿದವರು ರೀಮನ್‌ರ ಶಿಷ್ಯ ಗುಸ್ತಾವ್ ರಾಖ್.

ಏಕರೂಪೀಕರಣ

ಯಾವ ಕುಣಿಕೆಯನ್ನಾದರೂ ಒಂದು ಬಿಂದುವಿಗೆ ಎಳೆದು ಕುಗ್ಗಿಸಬಹುದಾದ ರೀಮನ್ ಮೇಲ್ಮೈಗಳು ಮೂರೇ: ಗೋಳ, ಸಮತಲ, ವೃತ್ತಾಕಾರದ ತಟ್ಟೆ. 1907ರಲ್ಲಿ ಹೆನ್ರಿ ಪ್ವಾಂಕರೆ ಮತ್ತು ಪೌಲ್ ಕೋಬೆ ಬೇರೆ ಬೇರೆಯಾಗಿ ಇದನ್ನು ಸಾಧಿಸಿದರು. ಉಳಿದ ಪ್ರತಿಯೊಂದು ಮೇಲ್ಮೈಯೂ ಈ ಮೂರರಲ್ಲೊಂದನ್ನು ಮಡಿಸಿದಾಗ ಸಿಗುವಂಥದು. ಜೀನಸ್ 2 ಮತ್ತು ಅದಕ್ಕಿಂತ ಹೆಚ್ಚಿನವೆಲ್ಲ ತಟ್ಟೆಯಿಂದ ಬರುತ್ತವೆ. ಅವುಗಳ ಸಹಜ ಜ್ಯಾಮಿತಿ ಯೂಕ್ಲಿಡ್‌ನದಲ್ಲ, ಹೈಪರ್ಬಾಲಿಕ್.

ಗೋಳದಿಂದ ಮೂರು ಬಿಂದುಗಳನ್ನು ತೆಗೆದರೆ ಉಳಿಯುವುದೂ ತಟ್ಟೆಯಿಂದ ಬಂದ ಮೇಲ್ಮೈಯೇ. ಸಮತಲದಿಂದ ತಟ್ಟೆಗೆ ಹೋಗುವ ಹೋಲೋಮಾರ್ಫಿಕ್ ಫಲನ ಸ್ಥಿರಾಂಕವಾಗಿರಬೇಕು. ಆದ್ದರಿಂದ ಸಮತಲದ ಮೇಲಿನ ಮೆರೊಮಾರ್ಫಿಕ್ ಫಲನವೊಂದು, ಅಂದರೆ ಧ್ರುವಗಳನ್ನು ಬಿಟ್ಟು ಉಳಿದೆಡೆ ಹೋಲೋಮಾರ್ಫಿಕ್ ಆದದ್ದು, ಮೂರು ಬೆಲೆಗಳನ್ನು ಎಂದೂ ಮುಟ್ಟದಿದ್ದರೆ ಅದನ್ನು ತಟ್ಟೆಗೆ ಹೋಗುವ ಫಲನವಾಗಿ ಮೇಲೆತ್ತಬಹುದು; ಹಾಗಾಗಿ ಅದು ಸ್ಥಿರಾಂಕ. ಇದು ಎಮಿಲ್ ಪಿಕಾರ್ 1879ರಲ್ಲಿ ಕಂಡ ಸತ್ಯ. ಮೆರೊಮಾರ್ಫಿಕ್ ಫಲನವೊಂದು ಯಾವ ಬೆಲೆಯನ್ನು ಎಷ್ಟು ಸಲ ಮುಟ್ಟುತ್ತದೆ ಎಂಬ ಅಧ್ಯಯನವನ್ನು ಫಿನ್ಲೆಂಡಿನ ರೋಲ್ಫ್ ನೆವಾನ್ಲಿನ್ನಾ 1920ರ ದಶಕದಲ್ಲಿ ಬೆಳೆಸಿದರು.

ಕರ್ನಾಟಕದಲ್ಲಿ, ಭಾರತದಲ್ಲಿ

ನೆವಾನ್ಲಿನ್ನಾ ಸಿದ್ಧಾಂತಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗಟ್ಟಿ ನೆಲೆ ಸಿಕ್ಕಿತು. ಅಲ್ಲಿನ ಎಚ್.ಎಸ್. ಗೋಪಾಲಕೃಷ್ಣ ಮತ್ತು ಎಸ್.ಎಸ್. ಭೂಸನೂರಮಠ 1976ರಲ್ಲಿ ಮೆರೊಮಾರ್ಫಿಕ್ ಫಲನಗಳ ಅನನ್ಯತೆಯ ಬಗ್ಗೆ ಪ್ರಮೇಯಗಳನ್ನು ಪ್ರಕಟಿಸಿದರು. ಎರಡು ಫಲನಗಳು ಕೆಲವು ಬೆಲೆಗಳನ್ನು ಒಂದೇ ಜಾಗಗಳಲ್ಲಿ ಮುಟ್ಟಿದರೆ ಅವೆರಡೂ ಒಂದೇ ಎಂದು ಯಾವಾಗ ಹೇಳಬಹುದು ಎಂಬುದು ಅಲ್ಲಿನ ಪ್ರಶ್ನೆ.

ಸಾಂದ್ರ ಮೇಲ್ಮೈಗಳ ಬಗ್ಗೆ ಭಾರತದಿಂದ ಬಂದ ಮಹತ್ವದ ಫಲಿತಾಂಶ ನರಸಿಂಹನ್–ಶೇಷಾದ್ರಿ ಪ್ರಮೇಯ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಎಂ.ಎಸ್. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿ ಇದನ್ನು 1965ರಲ್ಲಿ ಪ್ರಕಟಿಸಿದರು. ಮೇಲ್ಮೈಯ ಪ್ರತಿ ಬಿಂದುವಿಗೂ ಒಂದೊಂದು ವೆಕ್ಟರ್ ಸ್ಪೇಸನ್ನು ಹೋಲೋಮಾರ್ಫಿಕ್ ಆಗಿ ಜೋಡಿಸಿದರೆ ಸಿಗುವುದು ವೆಕ್ಟರ್ ಬಂಡಲ್. ಜೀನಸ್ ಕನಿಷ್ಠ 2 ಇರುವ ಮೇಲ್ಮೈಯಲ್ಲಿ ಶೂನ್ಯ ಡಿಗ್ರಿಯ (ಡಿಗ್ರಿ ಎಂದರೆ ಇಲ್ಲಿ ಬಂಡಲ್‌ನ ತಿರುಚನ್ನು ಅಳೆಯುವ ಪೂರ್ಣಾಂಕ) ಸ್ಥಿರ (ಒಳಗಿನ ಪ್ರತಿ ಚಿಕ್ಕ ಬಂಡಲ್‌ನ ಡಿಗ್ರಿ ಸೊನ್ನೆಗಿಂತ ಕಡಿಮೆ ಇರುವ) ಬಂಡಲ್‌ಗಳು ಮೇಲ್ಮೈಯ ಕುಣಿಕೆಗಳಿಗೆ ಯುನಿಟರಿ ಮ್ಯಾಟ್ರಿಕ್ಸ್‌ಗಳನ್ನು, ಇನ್ನಷ್ಟು ಒಡೆಯಲಾಗದಂತೆ, ಹೊಂದಿಸುವ ಕ್ರಮದಿಂದಲೇ ಹುಟ್ಟುತ್ತವೆ ಎನ್ನುತ್ತದೆ ಪ್ರಮೇಯ. ಬೀಜಗಣಿತದ ವಸ್ತುವೊಂದನ್ನು ಆಕಾರದ ಕುಣಿಕೆಗಳಿಂದ ಪೂರ್ತಿಯಾಗಿ ಓದಿಕೊಳ್ಳಲು ಇದರಿಂದ ಸಾಧ್ಯವಾಯಿತು. 1983ರಲ್ಲಿ ಸೈಮನ್ ಡೊನಾಲ್ಡ್‌ಸನ್ ಇದಕ್ಕೆ ವಕ್ರತೆಯ ದಾರಿಯಿಂದ ಹೊಸ ಸಾಧನೆ ಕೊಟ್ಟರು. ಅದೇ ವರ್ಷ ಮೈಕೆಲ್ ಅಟಿಯಾ ಮತ್ತು ರೌಲ್ ಬಾಟ್ ಭೌತವಿಜ್ಞಾನದ ಯಾಂಗ್–ಮಿಲ್ಸ್ ಸಮೀಕರಣಗಳನ್ನು ರೀಮನ್ ಮೇಲ್ಮೈಗಳ ಮೇಲೆ ಪರಿಶೀಲಿಸಿದಾಗಲೂ ಈ ಪ್ರಮೇಯವೇ ಆಧಾರ.

2006ರಲ್ಲಿ ನರಸಿಂಹನ್ ಮತ್ತು ಡೊನಾಲ್ಡ್‌ಸನ್ ವಿಜ್ಞಾನದ ಕಿಂಗ್ ಫೈಸಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಬದುಕಿನ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ನರಸಿಂಹನ್ (1932–2021) ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಟಾಟಾ ಸಂಸ್ಥೆಯ ಕೇಂದ್ರದೊಂದಿಗೆ ಒಡನಾಟ ಇಟ್ಟುಕೊಂಡಿದ್ದರು. ರೀಮನ್ ಎಣಿಸಿದ ಸಮ್ಮಿಶ್ರ ರಚನೆಗಳ ಜಗತ್ತನ್ನು ಅಳೆಯುವ ಟೈಕ್‌ಮ್ಯೂಲರ್ ಸಿದ್ಧಾಂತ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಗಣಿತ ವಿಭಾಗದ ಸಂಶೋಧನಾ ವಿಷಯಗಳಲ್ಲೊಂದು.